ಡಿಜಿಟಲ್ ಗ್ರಂಥಾಲಯ: ಜಿಜ್ಞಾಸುಗಳಿಗೊಂದು ಪ್ರವೇಶಿಕೆ

ಶ್ರೀಮಠದ ಪಾಠಕ್ಕೆ ಆಗಮಿಸುವ ಸಜ್ಜನರಲ್ಲಿ ಅನೇಕರು ಈಚೆಗೆ ಪುಸ್ತಕವನ್ನು ತರುವುದಿಲ್ಲ. ಮೊಬೈಲಿನಲ್ಲಿಯೇ ಮೂಲವನ್ನೂ ಟೀಕೆಯನ್ನೂ ತೆರೆದು ಕುಳಿತುಕೊಳ್ಳುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ನಮ್ಮ ಪೂರ್ವಿಕರು ತಾಳೆಗರಿಯನ್ನು ಬಿಟ್ಟು ಕಾಗದದ ಪೋಥಿಯನ್ನು ಹಿಡಿದಾಗಲೂ, ಪೋಥಿಯನ್ನು ಬಿಟ್ಟು ಅಚ್ಚಿನ ಪುಸ್ತಕವನ್ನು ಹಿಡಿದಾಗಲೂ ಶಾಸ್ತ್ರಕ್ಕೆ ಹಾನಿಯೇನೂ ಆಗಲಿಲ್ಲ. ಆದರೆ "ತಾವು ಓದುತ್ತಿರುವುದು ಯಾವ ಮುದ್ರಣ? ಸಂಪಾದಕರು ಯಾರು?" ಎಂದು ಕೇಳಿದರೆ "ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದರು" ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಇಬ್ಬರ ಕೈಯಲ್ಲಿರುವ ಪಾಠಗಳು ಭಿನ್ನವಾದಾಗ ಯಾವುದನ್ನು ಅಂಗೀಕರಿಸಬೇಕೆಂಬುದಕ್ಕೆ ಆಗ ಆಧಾರವೇ ಇರುವುದಿಲ್ಲ. ಆದ್ದರಿಂದ ಡಿಜಿಟಲ್ ಗ್ರಂಥಾಲಯವೆಂದರೇನು, ಅದರಿಂದ ಏನನ್ನು ಪಡೆಯಬಹುದು, ಏನನ್ನು ನಿರೀಕ್ಷಿಸಬಾರದು ಎಂಬ ಪ್ರಾಥಮಿಕ ವಿಷಯಗಳನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲು ಯತ್ನಿಸಲಾಗಿದೆ. ಗಣಕಯಂತ್ರದ ಪರಿಚಯ ಅಲ್ಪವಾಗಿರುವ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿರುವುದರಿಂದ, ಬಲ್ಲವರು ಅಲ್ಲಲ್ಲಿ ಬರುವ ವಿಸ್ತಾರವನ್ನು ಸೈರಿಸಬೇಕು.

ಮೊದಲು ಒಂದು ಭ್ರಾಂತಿಯ ನಿರಾಸ. ಗ್ರಂಥಗಳ ರಾಶಿ ಗ್ರಂಥಾಲಯವಲ್ಲ. ರಾಶಿಗೆ ಸೂಚೀಪತ್ರ ಬೇಕು, ಸೂಚೀಪತ್ರಕ್ಕೂ ಗ್ರಂಥಕ್ಕೂ ತಾಳೆಯಿರಬೇಕು, ಇವೆರಡನ್ನೂ ಕಾಯುವವರು ಬೇಕು. ನಮ್ಮ ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಡಾ. ರಾಮಕೃಷ್ಣ ಗೋಪಾಲ ಭಾಂಡಾರಕರ್ ಅವರ ಹೆಸರಿನಲ್ಲಿ 1917ರ ಜುಲೈ 6ರಂದು ಸ್ಥಾಪಿತವಾದ ಈ ಸಂಸ್ಥೆಗೆ ಮರುವರ್ಷ ಒಂದು ಮಹಾನಿಧಿ ಪ್ರಾಪ್ತವಾಯಿತು. ಮುಂಬಯಿ ಸರ್ಕಾರವು 1866ರಿಂದ ಸಂಗ್ರಹಿಸುತ್ತ ಬಂದು ಡೆಕ್ಕನ್ ಕಾಲೇಜಿನಲ್ಲಿ ಇರಿಸಿದ್ದ ಹಸ್ತಪ್ರತಿಗಳೆಲ್ಲ ಇಲ್ಲಿಗೆ ವರ್ಗವಾದವು. ಬ್ಯೂಲರ್, ಕೀಲ್‌ಹಾರ್ನ್, ಪೀಟರ್ಸನ್ ಮೊದಲಾದವರೂ ಸ್ವತಃ ಭಾಂಡಾರಕರರೂ ಕಲೆಹಾಕಿದ ಸಂಗ್ರಹವದು. ಇಂದು ಅಲ್ಲಿ 28,000ಕ್ಕೂ ಮಿಕ್ಕಿ ಹಸ್ತಪ್ರತಿಗಳಿವೆ. ಅವುಗಳಲ್ಲಿ ಋಗ್ವೇದದ 30 ಪ್ರತಿಗಳು 2007ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ದಾಖಲೆಗೆ ಸೇರಿದವು.

ಅಲ್ಲಿಯ ಪ್ರತಿಯೊಂದನ್ನು ವಿದ್ವಾಂಸರು ಉಲ್ಲೇಖಿಸುವ ಕ್ರಮವನ್ನು ಗಮನಿಸಬೇಕು. "1884-87ರ ಸಂಗ್ರಹದ ಇಂತಿಷ್ಟನೆಯ ಸಂಖ್ಯೆ" ಎಂದು ಬರೆದರೆ ಸಾಕು. ಆ ಕಟ್ಟು ಯಾವ ಕಾಲದಲ್ಲಿ ಸರ್ಕಾರದ ಕೈಸೇರಿತೆಂಬುದು ಸಂಖ್ಯೆಯಿಂದಲೇ ತಿಳಿಯುತ್ತದೆ. ಜರ್ಮನಿಯಲ್ಲಿ ಕುಳಿತವನೂ ಬೆಂಗಳೂರಿನಲ್ಲಿ ಕುಳಿತವನೂ ಆ ಸಂಖ್ಯೆಯನ್ನು ಹೇಳಿದರೆ ಅದೇ ಕಟ್ಟು ಹೊರಗೆ ಬರುತ್ತದೆ. ರೈಲ್ವೆಯಲ್ಲಿ ಜೀವಮಾನ ಕಳೆದ ನನಗೆ ಇದು ಸರಕಿನ ಬಂಡಿಯ ಸಂಖ್ಯೆಯಂತೆ ತೋರುತ್ತದೆ. ಬಂಡಿಯ ಮೈಮೇಲೆ ಸಂಖ್ಯೆಯಿದೆ, ಒಡೆತನದ ರೈಲ್ವೆಯ ಗುರುತಿದೆ, ಜೊತೆಯ ಕಾಗದದಲ್ಲಿ ಒಳಗಿನ ಸರಕಿನ ವಿವರವಿದೆ. ಕಾಗದ ಕಳೆದುಹೋದ ಬಂಡಿ ಯಾರ್ಡಿನ ಮೂಲೆಯ ಹಳಿಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ; ಅದರೊಳಗೆ ಬೆಲ್ಲವಿದ್ದರೂ ಬಂಗಾರವಿದ್ದರೂ ಒಂದೇ. ಹೆಸರಿಲ್ಲದ ಪಿ.ಡಿ.ಎಫ್. ಕಡತದ ಗತಿಯೂ ಇದೇ ಆಗಿದೆ.

ಹಸ್ತಪ್ರತಿಯ ದೌರ್ಬಲ್ಯವೆಂದರೆ ಅದು ಒಂದೇ ಒಂದು ಸ್ಥಳದಲ್ಲಿ ಇರುವುದು. 2004ರ ಜನವರಿ 5ರಂದು ಒಂದು ಗುಂಪು ಇದೇ ಮಂದಿರಕ್ಕೆ ನುಗ್ಗಿ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಚೆಲ್ಲಾಪಿಲ್ಲಿ ಮಾಡಿದುದು ಪುಣೆಯವರಿಗೆ ಮರೆಯುವ ಸಂಗತಿಯಲ್ಲ. ನೀರು, ಬೆಂಕಿ, ಗೆದ್ದಲುಗಳ ಭಯವನ್ನು ಪ್ರತಿಕಾರರು ಶತಮಾನಗಳಿಂದ ಬಲ್ಲರು. ಕಟ್ಟುಗಳ ಕೊನೆಯಲ್ಲಿ ಆ ಬಗೆಯ ಪ್ರಾರ್ಥನೆಯನ್ನು ಬರೆದಿಡುವ ಪದ್ಧತಿಯೇ ಇದೆ. ಪ್ರತಿಯ ಪ್ರತಿಯನ್ನು ಮಾಡಿ ದೂರದ ಊರಿನಲ್ಲಿ ಇರಿಸುವುದೊಂದೇ ಅವರಿಗೆ ತಿಳಿದ ರಕ್ಷೋಪಾಯವಾಗಿತ್ತು. ಡಿಜಿಟಲ್ ಗ್ರಂಥಾಲಯದ ಮೊದಲನೆಯ ಪ್ರಯೋಜನವೂ ಅದೇ. ಅದು ಹೊಸ ತತ್ತ್ವವಲ್ಲ. ಹಳೆಯ ಲಿಪಿಕಾರರ ತತ್ತ್ವಕ್ಕೆ ಹೊಸ ಉಪಕರಣ ಒದಗಿದೆ, ಅಷ್ಟೆ.

ಈ ಉಪಕರಣ ಏನು ಮಾಡಬಲ್ಲದೆಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ಒಂದು ಉಜ್ಜ್ವಲವಾದ ನಿದರ್ಶನವಿದೆ. ಅದನ್ನು ತಿಳಿಯಲು ಪುಣೆಯಿಂದ ಉಡುಪಿಗೆ ಹೋಗಬೇಕು. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರೂ ಪಲಿಮಾರು ಮಠದ ಮೂಲಯತಿಗಳೂ ಆದ ಶ್ರೀಹೃಷೀಕೇಶತೀರ್ಥರು ಬರೆದುದೆಂದು ಪರಂಪರೆಯು ಗೌರವಿಸುವ ಸರ್ವಮೂಲದ ತಾಳೆಗರಿಯ ಪ್ರತಿಯು ಆ ಮಠದಲ್ಲಿದೆ. ತುಳುಲಿಪಿಯಲ್ಲಿರುವ ಆ ಪ್ರತಿಯ ಪಾಠವನ್ನು ಆಧರಿಸಿ ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲವನ್ನು ಸಂಪಾದಿಸಿದುದು ವಾಚಕರಿಗೆ ವಿದಿತವೇ ಇದೆ. ಸುಮಾರು 340 ಗರಿಗಳು. ಒಂದೊಂದು ಗರಿ 26 ಅಂಗುಲ ಉದ್ದ, 2 ಅಂಗುಲ ಅಗಲ. ಎಂದೋ ಯಾರೋ ಸದ್ಭಾವದಿಂದಲೇ ಹಚ್ಚಿದ ಎಣ್ಣೆಯಿಂದಲೂ ಕಾಲದ ಪ್ರಭಾವದಿಂದಲೂ ಗರಿಗಳು ಕಡುಗಂದು ಬಣ್ಣಕ್ಕೆ ತಿರುಗಿ, ಅಂಚುಗಳು ಮುರಿದು, ಅಕ್ಷರಗಳು ಕಣ್ಣಿಗೆ ಕಾಣದಂತಾಗಿದ್ದವು.

2006ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರು ಸಹೋದ್ಯೋಗಿಗಳೊಡನೆ ಉಡುಪಿಗೆ ಬಂದು ಈ ಗರಿಗಳ ಚಿತ್ರಗಳನ್ನು ತೆಗೆದರು. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಅಳಿಸಿಹೋದ ಬರೆಹವನ್ನು ಚರ್ಮದ ಹಾಳೆಗಳ ಮೇಲೆ ಮತ್ತೆ ಓದಿಸಿದ ತಂಡದಲ್ಲಿಯೂ ಈಸ್ಟನ್ ಇದ್ದರು. ಅವರು ಬಳಸಿದ ಉಪಾಯದ ಮರ್ಮ ಸರಳವಾಗಿದೆ. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಗೆರೆಗೆ ಮಸಿಯನ್ನು ತುಂಬುತ್ತಾರೆ. ಕಪ್ಪಾದ ಗರಿಯೂ ಕಪ್ಪು ಮಸಿಯೂ ನಮ್ಮ ಕಣ್ಣಿಗೆ ಒಂದೇ ಬಣ್ಣ. ಆದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣದಲ್ಲಿ ಕಂದಿದ ಗರಿಯು ಬೆಳಕನ್ನು ಹಿಂದಿರುಗಿಸುತ್ತದೆ, ಮಸಿಯು ಹೀರಿಕೊಳ್ಳುತ್ತದೆ. ಆದಕಾರಣ ಆ ಕಿರಣವನ್ನು ಮಾತ್ರ ಗ್ರಹಿಸುವ ಕ್ಯಾಮೆರಾದಲ್ಲಿ ಅಕ್ಷರವು ಬೇರ್ಪಟ್ಟು ಕಾಣುತ್ತದೆ. ಒಂದೊಂದು ಗರಿಯ ಎರಡೂ ಮಗ್ಗುಲನ್ನು ತುಂಡುತುಂಡಾಗಿ ಚಿತ್ರಿಸಿ, ಸುಮಾರು 7,900 ಚಿತ್ರಗಳನ್ನು ಗಣಕದಲ್ಲಿ ಸಂಸ್ಕರಿಸಿ, ತುಂಡುಗಳನ್ನು ಹೊಲಿದಂತೆ ಜೋಡಿಸಿದರು. ಏಳು ಶತಮಾನಗಳ ಗರಿಯು ಮತ್ತೆ ಓದಲು ಬಂದಿತು. ಗರಿಗೆ ಯಾವ ದ್ರವವನ್ನೂ ಸೋಕಿಸಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಇಷ್ಟಾದ ಮೇಲೂ ಗಣಕವು ಅದನ್ನು ಓದಿತೆಂದು ತಿಳಿಯಬಾರದು. ಗಣಕದ ಪಾಲಿಗೆ ಅದು ಚಿತ್ರ. ಕೃಷ್ಣನ ಚಿತ್ರ, ಬೆಟ್ಟದ ಚಿತ್ರ, ತಾಳೆಗರಿಯ ಚಿತ್ರ, ಎಲ್ಲವೂ ಅದಕ್ಕೆ ಬಣ್ಣದ ಚುಕ್ಕೆಗಳ ಸಾಲುಗಳೇ. ಡಿಜಿಟಲ್ ಗ್ರಂಥಾಲಯದಲ್ಲಿ ಗ್ರಂಥವು ಎರಡು ರೂಪಗಳಲ್ಲಿ ಇರುತ್ತದೆ: ಒಂದು ಚಿತ್ರರೂಪ, ಇನ್ನೊಂದು ಅಕ್ಷರರೂಪ. ಚಿತ್ರರೂಪದಲ್ಲಿ ಮೂಲಕ್ಕೆ ನಿಷ್ಠೆಯಿದೆ, ಆದರೆ ಅದರಲ್ಲಿ ಒಂದು ಪದವನ್ನು ಹುಡುಕಲಾಗದು. ಅಕ್ಷರರೂಪದಲ್ಲಿ ಹುಡುಕಬಹುದು, ಆದರೆ ಅದನ್ನು ಯಾರೋ ಕೈಯಿಂದ ಅಚ್ಚಿಸಿರುತ್ತಾರೆ ಅಥವಾ ಯಂತ್ರವು ಊಹಿಸಿರುತ್ತದೆ. ಆದ್ದರಿಂದ ಅದರಲ್ಲಿ ಪ್ರಮಾದಕ್ಕೆ ಅವಕಾಶವಿದೆ. ಈ ಭೇದವನ್ನು ಅರಿತವನಿಗೆ ಅರ್ಧ ವಿದ್ಯೆ ಬಂದಂತೆ.

ಅಕ್ಷರರೂಪವೆಂದರೆ ಏನು? ಗಣಕಕ್ಕೆ ತಿಳಿಯುವುದು ಅಂಕಿ ಮಾತ್ರ. ಆದ್ದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಕೊಡಬೇಕು, ಆ ಸಂಖ್ಯೆ ಎಲ್ಲರಿಗೂ ಒಂದೇ ಆಗಿರಬೇಕು. 1990ರ ದಶಕದಲ್ಲಿ ಹೀಗಿರಲಿಲ್ಲ. ನಮ್ಮ ಪುಣೆಯಲ್ಲೇ ಸಿದ್ಧವಾದ ಶ್ರೀಲಿಪಿ, ಬೆಂಗಳೂರಿನ ಆಕೃತಿ ಮುಂತಾದ ತಂತ್ರಾಂಶಗಳಲ್ಲಿ ಒಂದೊಂದಕ್ಕೂ ತನ್ನದೇ ಸಂಖ್ಯಾಕ್ರಮವಿತ್ತು. ಒಂದರಲ್ಲಿ ಅಚ್ಚಿಸಿದುದನ್ನು ಇನ್ನೊಂದರಲ್ಲಿ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಆ ಕಾಲದ ನಮ್ಮ ಕಡೆಯ ಪ್ರಯಾಣಿಕರಿಗೆ ಇದಕ್ಕೆ ಮಿರಜಿಗಿಂತ ಒಳ್ಳೆಯ ಉಪಮಾನ ಬೇಡ. ಪುಣೆಯಿಂದ ಮಿರಜಿನವರೆಗೆ ಬ್ರಾಡ್‌ಗೇಜ್. ಅಲ್ಲಿಂದ ಬೆಳಗಾವಿ, ಹುಬ್ಬಳ್ಳಿಗಳ ಕಡೆಗೆ 1990ರ ದಶಕದವರೆಗೂ ಮೀಟರ್‌ಗೇಜ್. ಟ್ರಂಕು, ಹಾಸಿಗೆ, ಮಕ್ಕಳುಮರಿಗಳೊಡನೆ ಎಲ್ಲರೂ ಇಳಿದು ಮತ್ತೊಂದು ಗಾಡಿಯನ್ನು ಹತ್ತಲೇಬೇಕು. ಸರಕಾದರೆ ಹಮಾಲರು ಒಂದೊಂದು ಮೂಟೆಯನ್ನೂ ಬಂಡಿಯಿಂದ ಬಂಡಿಗೆ ಸಾಗಿಸಬೇಕು. ಸಾಗಿಸುವಾಗ ಕೆಲವು ಒಡೆಯುತ್ತವೆ. ಯೂನಿಕೋಡ್ ಎಂಬುದು ಅಕ್ಷರಗಳ ಲೋಕದ ಏಕಗೇಜು.

ಈ ಏಕಗೇಜಿನ ಇತಿಹಾಸದಲ್ಲಿಯೂ ಪುಣೆಗೆ ಪಾಲಿದೆ. ಐ.ಐ.ಟಿ. ಕಾನ್ಪುರದಲ್ಲಿ ಆರಂಭವಾಗಿ, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬ ತಂತ್ರಜ್ಞಾನವು, ಭಾರತೀಯ ಲಿಪಿಗಳೆಲ್ಲವೂ ಒಂದೇ ವರ್ಣಮಾಲೆಯ ಭಿನ್ನ ವೇಷಗಳು ಎಂಬ ವ್ಯಾಕರಣಸತ್ಯವನ್ನು ಆಧಾರವಾಗಿ ಮಾಡಿಕೊಂಡಿತ್ತು. ಅದರ ಫಲವಾದ ಇಸ್ಕಿ ಎಂಬ ಸಂಕೇತಕ್ರಮವು 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯೂ ಇಸ್ಕಿಯ ಜೋಡಣೆಯನ್ನೇ ಅನುಸರಿಸಿತು. ಇದರ ಚಮತ್ಕಾರವನ್ನು ನೋಡಿ: ದೇವನಾಗರಿಯ ಕಕಾರದ ಸಂಖ್ಯೆ 2325, ಕನ್ನಡದ ಕಕಾರದ ಸಂಖ್ಯೆ 3221, ಅಂತರ 896. ಖಕಾರಕ್ಕೂ ಗಕಾರಕ್ಕೂ ಮುಂದಿನ ವರ್ಗಗಳಿಗೂ ಇದೇ ಅಂತರ. ಆದ್ದರಿಂದಲೇ ದೇವನಾಗರಿಯ ಗ್ರಂಥವನ್ನು ಕ್ಷಣಮಾತ್ರದಲ್ಲಿ ಕನ್ನಡಲಿಪಿಗೆ ತಿರುಗಿಸುವ ಅಕ್ಷರಮುಖದಂಥ ಸಾಧನಗಳು ಸಾಧ್ಯವಾದವು. ನಾಗರಿಯ ಅಭ್ಯಾಸವಿಲ್ಲದ ಗೃಹಿಣಿಯರಿಗೂ ಇದರಿಂದ ಮಹೋಪಕಾರವಾಗಿದೆ. ಆದರೆ ಕನ್ನಡಲಿಪಿಯಲ್ಲಿ ಬರೆದು ಹುಡುಕಿದರೆ ದೇವನಾಗರಿಯಲ್ಲಿರುವ ಅದೇ ಪದವು ಅನೇಕ ಕಡೆ ಸಿಕ್ಕುವುದಿಲ್ಲ. ಗಣಕಕ್ಕೆ 2325 ಬೇರೆ, 3221 ಬೇರೆ. ಎರಡೂ ಲಿಪಿಗಳಲ್ಲಿ ಬರೆದು ಹುಡುಕುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಮಾಧ್ವಗ್ರಂಥಗಳ ಹಸ್ತಪ್ರತಿಗಳು ಹೇರಳವಾಗಿರುವ ನಂದಿನಾಗರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 2019ರಲ್ಲಿ. ತುಳು-ತಿಗಳಾರಿ ಲಿಪಿಗೆ ದೊರೆತದ್ದು 2024ರ ಸೆಪ್ಟೆಂಬರಿನಲ್ಲಿ. ಎಂದರೆ ಮೇಲೆ ಹೇಳಿದ ಪಲಿಮಾರು ಮಠದ ಗರಿಗಳ ಚಿತ್ರಗಳು ಸಿದ್ಧವಾಗಿ ಸುಮಾರು ಹದಿನೆಂಟು ವರ್ಷಗಳವರೆಗೆ, ಆ ಲಿಪಿಯ ಒಂದು ಅಕ್ಷರವನ್ನೂ ಆ ಲಿಪಿಯಾಗಿಯೇ ಎಲ್ಲರಿಗೂ ಸಮಾನವಾದ ಸಂಖ್ಯೆಯಿಂದ ಗಣಕದಲ್ಲಿ ಬರೆಯುವ ಮಾರ್ಗವಿರಲಿಲ್ಲ. ಇನ್ನು ಮೇಲೆ ತರುಣರು ಮಾಡಬೇಕಾದ ಕಾರ್ಯ ಬಹಳವಿದೆ.

ಈಗ ಹುಡುಕುವಿಕೆಯ ವಿಚಾರ. ಚಿತ್ರವನ್ನು ನೋಡಿ ಯಂತ್ರವೇ ಅಕ್ಷರವನ್ನು ಊಹಿಸುವ ವಿದ್ಯೆಗೆ ಓ.ಸಿ.ಆರ್. ಎನ್ನುತ್ತಾರೆ. ಕನ್ನಡದಲ್ಲಿ ಇದು ಈಚಿನ ವರ್ಷಗಳಲ್ಲಿ ಬಹಳ ಸುಧಾರಿಸಿದೆ. ಆದರೂ ಹಳೆಯ ಮಚ್ಚೆಯ ಅಚ್ಚಿನಲ್ಲಿ ಥಕಾರ-ಧಕಾರಗಳು, ಪಕಾರ-ಷಕಾರಗಳು ಅದಲುಬದಲಾಗುತ್ತವೆ. ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆ ಕುಳಿತಿರುತ್ತದೆ. ಕಣ್ಣಿಗೆ ಎರಡೂ ಒಂದೇ ದುಂಡು. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಹುಡುಕಿದಾಗ ಸಿಗಲಿಲ್ಲವೆಂದ ಮಾತ್ರಕ್ಕೆ ಗ್ರಂಥದಲ್ಲಿ ಆ ಶಬ್ದವಿಲ್ಲವೆಂದು ಸಾಧಿಸಹೊರಡಬಾರದು. ಅನುಪಲಬ್ಧಿಯು ಅಭಾವವನ್ನು ಸಾಧಿಸಬೇಕಾದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕೆಂದು ಶಾಸ್ತ್ರಜ್ಞರಿಗೆ ಹೇಳಬೇಕಾಗಿಲ್ಲ.

ಸಂಸ್ಕೃತದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ, ಅದು ಸಂಧಿ. ಛಾಂದೋಗ್ಯದ ಪ್ರಸಿದ್ಧವಾಕ್ಯದಲ್ಲಿ "ಆತ್ಮಾ" ಎಂಬ ಪದದ ಮುಂದೆ "ತತ್" ಎಂಬ ಛೇದವೋ "ಅತತ್" ಎಂಬ ಛೇದವೋ ಎಂಬುದೇ ಚರ್ಚೆಯ ಜೀವಾಳವಷ್ಟೆ. ಆಕಾರದ ಮುಂದೆ ಅಕಾರ ಬಂದರೆ ಸವರ್ಣದೀರ್ಘದಿಂದ ಒಂದೇ ಆಕಾರವು ಉಳಿಯುವುದರಿಂದ, ಸಂಹಿತೆಯಾಗಿ ಬರೆದಾಗ ಎರಡಕ್ಕೂ ಒಂದೇ ರೂಪ. ತಾಳೆಗರಿಯಲ್ಲಿ ಪದಗಳ ನಡುವೆ ತೆರಪು ಬಿಡುವ ರೂಢಿಯೇ ಇಲ್ಲದುದರಿಂದ ಲಿಪಿಕಾರನು ಯಾವ ಪಕ್ಷವನ್ನೂ ವಹಿಸುವುದಿಲ್ಲ. ಗಣಕದಲ್ಲಿ ಅಚ್ಚಿಸುವವನಾದರೋ ಓದುಗರ ಸೌಕರ್ಯಕ್ಕೆಂದು ತೆರಪು ಬಿಡುತ್ತಾನೆ. ಬಿಟ್ಟೊಡನೆಯೇ ಅವನು, ತಾನು ಅರಿಯದಿದ್ದರೂ, ಒಂದು ವ್ಯಾಖ್ಯಾನವನ್ನು ಬರೆದಂತಾಯಿತು. ಅಂತರಜಾಲದಲ್ಲಿ ದೊರೆಯುವ ಉಪನಿಷತ್ಪಾಠಗಳನ್ನು ಬಳಸುವ ಮಾಧ್ವರು ಈ ಒಂದು ಸಂಗತಿಯನ್ನು ಸದಾ ನೆನಪಿನಲ್ಲಿಡಬೇಕು. ಯಂತ್ರವು ಕೇವಲ ಅಕ್ಷರಗಳ ಸಾಲನ್ನು ಹೋಲಿಸುತ್ತದೆ. "ಅತತ್" ಎಂದು ಬರೆದು ಹುಡುಕಿದವನಿಗೆ ಮೂಲದಲ್ಲಿ ಅದು ಸಿಕ್ಕದು, ವ್ಯಾಖ್ಯಾನದಲ್ಲಿ ಮಾತ್ರ ಸಿಕ್ಕೀತು. ಆದ್ದರಿಂದ ಸಂಸ್ಕೃತಗ್ರಂಥದಲ್ಲಿ ಹುಡುಕುವಾಗ ಪದದ ಆದಿ ಮತ್ತು ಅಂತ್ಯಗಳನ್ನು ಬಿಟ್ಟು, ಸಂಧಿಯಿಂದ ವಿಕಾರ ಹೊಂದದ ನಡುವಿನ ಮೂರು ನಾಲ್ಕು ಅಕ್ಷರಗಳನ್ನು ಮಾತ್ರ ಕೊಡುವುದು ಜಾಣತನ.

ಯಾವ ಮುದ್ರಣದ ಪಾಠವೆಂದು ಕೇಳುವ ಅಭ್ಯಾಸ ಮುಂದಿನ ಮೆಟ್ಟಿಲು. ಭಾಂಡಾರಕರ್ ಮಂದಿರದವರು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಗಾಗಿ 1,259 ಹಸ್ತಪ್ರತಿಗಳನ್ನು ಪರಿಶೀಲಿಸಿದರು. ಜಪಾನಿನ ಕ್ಯೋಟೋದ ವಿದ್ವಾಂಸ ಮುನೆಓ ತೊಕುನಾಗ ಅವರು ಅದರ ಪಾಠವನ್ನು ಗಣಕಕ್ಕೆ ಅಳವಡಿಸಿದರು. ಕೇಂಬ್ರಿಜಿನ ಜಾನ್ ಸ್ಮಿತ್ ಅವರು ಅದನ್ನು ತಿದ್ದಿ ಪರಿಷ್ಕರಿಸಿದರು. ಪುಣೆಯಲ್ಲಿ ಸಿದ್ಧವಾದ ಪಾಠವು ಕ್ಯೋಟೋ, ಕೇಂಬ್ರಿಜುಗಳನ್ನು ಸುತ್ತಿ ನಮ್ಮ ಮೊಬೈಲಿಗೆ ಹಿಂದಿರುಗಿದೆ! ಆದರೆ ಈ ಆವೃತ್ತಿಯ ಪ್ರಾಣವಿರುವುದು ಪುಟದ ಕೆಳಭಾಗದಲ್ಲಿ. ಯಾವ ಪ್ರತಿಯಲ್ಲಿ ಯಾವ ಪಾಠಾಂತರವಿದೆ, ಯಾವ ಶ್ಲೋಕವು ಎಲ್ಲಿ ಹೆಚ್ಚಾಗಿದೆ ಎಂಬುದೆಲ್ಲ ಅಲ್ಲಿದೆ. ಅಂತರಜಾಲದಲ್ಲಿ ಸಂಚರಿಸುವ ಅನೇಕ ಪ್ರತಿಗಳಲ್ಲಿ ಈ ಅಡಿಟಿಪ್ಪಣಿಗಳಿಲ್ಲ. ಆಚಾರ್ಯರು ಉದಾಹರಿಸಿದ ಭಾರತದ ಶ್ಲೋಕವೊಂದನ್ನು ಅಲ್ಲಿ ಹುಡುಕಿ, ಸಿಗದಿದ್ದರೆ "ಮೂಲದಲ್ಲಿಯೇ ಇಲ್ಲ" ಎಂದು ಘೋಷಿಸುವವರನ್ನು ಕಂಡಿದ್ದೇನೆ. ಅವರು ನೋಡಿದುದು ಮೇಲಿನ ಅರ್ಧ ಪುಟವನ್ನು ಮಾತ್ರ. ಪ್ರತಿಗಳಲ್ಲಿ ಪ್ರಕ್ಷೇಪ, ಲೋಪ, ಸ್ಥಾನವ್ಯತ್ಯಾಸಗಳು ಉಂಟೆಂಬುದನ್ನು ಆಚಾರ್ಯರೇ ಮಹಾಭಾರತತಾತ್ಪರ್ಯನಿರ್ಣಯದ ಎರಡನೆಯ ಅಧ್ಯಾಯದಲ್ಲಿ ಎತ್ತಿ ಹೇಳಿದ್ದಾರೆ. ಏಳುನೂರು ವರ್ಷಗಳ ಹಿಂದಿನ ಆ ಎಚ್ಚರಿಕೆಯು ಇಂದಿನ ಕಡತಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಇನ್ನು ಗ್ರಂಥಗಳು ಎಲ್ಲಿ ದೊರೆಯುತ್ತವೆ ಎಂಬುದು. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಮುಂದಾಗಿ ಕೈಗೊಂಡ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಅಂಗವಾಗಿ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾವನ್ನು ನಡೆಸಿತು. ಲಕ್ಷಾಂತರ ಪುಸ್ತಕಗಳು ಸ್ಕ್ಯಾನ್ ಆದವು. 2017ರ ಹೊತ್ತಿಗೆ ಆ ತಾಣವು ಮುಚ್ಚಿತು. ಆದರೆ ಅಲ್ಲಿಯ ಲಕ್ಷಗಟ್ಟಲೆ ಪುಸ್ತಕಗಳ ಪ್ರತಿಗಳು ಅಷ್ಟರಲ್ಲಿ ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಗ್ರಂಥಾಲಯವನ್ನು ಸೇರಿದ್ದವು, ಆದ್ದರಿಂದ ಉಳಿದವು. ಐ.ಐ.ಟಿ. ಖರಗ್‌ಪುರದವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು 2018ರ ಜೂನ್ 19ರಂದು ಲೋಕಾರ್ಪಣೆಗೊಂಡಿತು. ಕೋಶಗಳನ್ನು ನೋಡುವವರಿಗೆ ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದ ಸಂಸ್ಕೃತ ಕೋಶಸಂಗ್ರಹವು ಅಮೂಲ್ಯವಾದುದು. ಪುಣೆಯ ಫರ್ಗ್ಯುಸನ್ ಕಾಲೇಜಿನ ವಾಮನ ಶಿವರಾಮ ಆಪ್ಟೆಯವರು 1890ರಲ್ಲಿ ಪ್ರಕಟಿಸಿದ ಕೋಶವನ್ನೂ ಅಲ್ಲಿ ಪದಶಃ ಹುಡುಕಬಹುದು.

ಇಂಥ ತಾಣಗಳಲ್ಲಿ ಪುಸ್ತಕದ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದಿರುವ ರೀತಿ ಕಂಡರೆ ಕಣ್ಣೀರು ಬರುತ್ತದೆ. "ತತ್ತ್ವ" ಎಂಬಲ್ಲಿ ಒಂದು ಟಿ, ಎರಡು ಟಿ. ವಕಾರಕ್ಕೆ ವಿ ಅಥವಾ ಡಬ್ಲ್ಯು. ಶಕಾರಕ್ಕೆ ಎಚ್ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಒಂದೇ ತತ್ತ್ವಪ್ರಕಾಶಿಕೆಯನ್ನು ಏಳೆಂಟು ವಿಧವಾಗಿ ಬರೆದು ನೋಡಬೇಕಾಗುತ್ತದೆ. ಹೆಸರಿನಿಂದ ಸಿಗದಿದ್ದರೆ ಸಂಪಾದಕರಿಂದ, ಪ್ರಕಾಶಕರಿಂದ, ಮುದ್ರಣಾಲಯದಿಂದ ಹುಡುಕಬೇಕು. ಮುಂಬಯಿಯ ನಿರ್ಣಯಸಾಗರ, ಪುಣೆಯ ಆನಂದಾಶ್ರಮ, ಕುಂಭಕೋಣದ ಮಧ್ವವಿಲಾಸ ಬುಕ್ ಡಿಪೋ, ಈ ಮೂರು ಹೆಸರುಗಳನ್ನು ಕೊಟ್ಟು ನೋಡಿದರೆ ಎಷ್ಟೋ ಅಪೂರ್ವ ಪುಸ್ತಕಗಳು ಹೊರಬರುತ್ತವೆ. ಪುಸ್ತಕ ದೊರೆತ ಮೇಲೆ ಮೊದಲು ಮುಖಪುಟದ ಒಳಗಿನ ಹಾಳೆಯನ್ನು ನೋಡಿ ಸಂಪಾದಕ, ಸ್ಥಳ, ವರ್ಷಗಳನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ಪುಟಸಂಖ್ಯೆಗಳು ಕ್ರಮವಾಗಿವೆಯೇ ಎಂದು ಹತ್ತು ಕಡೆ ಪರೀಕ್ಷಿಸಬೇಕು. ಅವಸರದ ಸ್ಕ್ಯಾನಿನಲ್ಲಿ ಎರಡು ಹಾಳೆಗಳು ಅಂಟಿಕೊಂಡು ಹೋಗಿರುವುದು ಅಪೂರ್ವವಲ್ಲ. ಕಡತಕ್ಕೆ ತಾನೇ ಅರ್ಥವತ್ತಾದ ಹೆಸರನ್ನು ಕೊಟ್ಟು ಉಳಿಸಬೇಕು. ಇತರರಿಗೆ ಕಳುಹಿಸುವಾಗ ಈ ವಿವರವನ್ನೂ ಜೊತೆಗೆ ಕಳುಹಿಸಿದರೆ ಮಹದುಪಕಾರ.

ಹಕ್ಕಿನ ಮಾತನ್ನೂ ಸಂಕ್ಷೇಪವಾಗಿ ಹೇಳಬೇಕು. ಭಾರತದ ಕಾಯಿದೆಯಂತೆ ಗ್ರಂಥಕರ್ತನು ನಿಧನನಾದ ವರ್ಷದ ಮರುವರ್ಷದಿಂದ 60 ವರ್ಷಗಳವರೆಗೆ ಹಕ್ಕು ಇರುತ್ತದೆ. 1892ರಲ್ಲಿ ನಿಧನರಾದ ಆಪ್ಟೆಯವರ ಕೋಶವನ್ನು ಯಾರೂ ಪ್ರತಿಮಾಡಬಹುದು. 1972ರಲ್ಲಿ ನಿಧನರಾದ ಭಾರತರತ್ನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸಕ್ಕೆ 2032ರ ಅಂತ್ಯದವರೆಗೂ ಹಕ್ಕುಂಟು. ಇಂದು ಬದುಕಿರುವ ವಿದ್ವಾಂಸರು ವರ್ಷಗಟ್ಟಲೆ ಶ್ರಮಪಟ್ಟು ಪ್ರಕಟಿಸಿದ ಪುಸ್ತಕವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ನೂರು ಜನರಿಗೆ ಹಂಚುವುದು ಜ್ಞಾನದಾನವಲ್ಲ. ಅವರ ಮುಂದಿನ ಪುಸ್ತಕವು ಅಚ್ಚಾಗದಂತೆ ಮಾಡುವ ಕಾರ್ಯ.

ಇದುವರೆಗೆ ಹೇಳಿದುದೆಲ್ಲ ಯಾರೋ ಕೂಡಿಟ್ಟುದನ್ನು ನಾವು ಪಡೆಯುವ ಬಗೆ. ಯಾವ ಗ್ರಂಥಾಲಯದಲ್ಲಿಯೂ ಇಲ್ಲದ ವಸ್ತುವು ನಮ್ಮ ಮನೆಗಳಲ್ಲಿಯೇ ಇದೆ. ಬಿಜಾಪುರ, ಬಾಗಲಕೋಟೆ, ಧಾರವಾಡ, ರಾಯಚೂರುಗಳಿಂದ ಎರಡು ಮೂರು ತಲೆಮಾರುಗಳ ಹಿಂದೆ ಪುಣೆಗೆ ಬಂದು ನೆಲೆಸಿದ ಮನೆಗಳ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಪೋಥಿಗಳಿವೆ. ಅವುಗಳಿಗಿಂತಲೂ ಹೆಚ್ಚು ಅಪಾಯದಲ್ಲಿರುವುದು ನಮ್ಮ ಅಜ್ಜಿಯರ ಹಾಡಿನ ಪುಸ್ತಕಗಳು. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಮೊದಲಾದವರ ಹಾಡುಗಳನ್ನು ಕೇಳಿ ಕೇಳಿ, ಲೆಕ್ಕದ ವಹಿಯಲ್ಲೋ ಮಕ್ಕಳ ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲೋ ಸೀಸದ ಕಡ್ಡಿಯಿಂದ ಬರೆದಿಟ್ಟ ಪುಸ್ತಕಗಳವು. ಪೋಥಿಯನ್ನು ದೇವರ ಮನೆಯಲ್ಲಿ ಇಟ್ಟು ಪೂಜಿಸುತ್ತೇವೆ. ಈ ವಹಿಗಳನ್ನು ಮನೆ ಬದಲಿಸುವಾಗ ರದ್ದಿಯವನಿಗೆ ಹಾಕುತ್ತೇವೆ. ಅಚ್ಚಿಗೆ ಬಾರದ ಎಷ್ಟು ಹಾಡುಗಳು ಹೀಗೆ ಹೋದವೋ ಎಣಿಸಿದವರಿಲ್ಲ. ಕೇಂದ್ರ ಸರ್ಕಾರವು 2003ರಲ್ಲಿ ಹಸ್ತಪ್ರತಿಗಳ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. 2025-26ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ದಾಖಲೀಕರಣಕ್ಕಾಗಿ ಜ್ಞಾನಭಾರತಂ ಎಂಬ ಯೋಜನೆಯನ್ನು ಘೋಷಿಸಿತು. ಇದು ಸ್ತುತ್ಯವೇ ಸರಿ. ಆದರೆ ನಮ್ಮ ಅಜ್ಜಿಯ ವಹಿಯನ್ನು ಹುಡುಕಿಕೊಂಡು ಯಾವ ಅಧಿಕಾರಿಯೂ ಕೊಥ್ರೂಡಿನ ಮೂರನೆಯ ಮಹಡಿಗೆ ಬರಲಾರ.

ಮಾಡಬೇಕಾದುದು ದುಸ್ಸಾಧ್ಯವೇನಲ್ಲ. ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ, ವಹಿಯನ್ನು ಸಮತಟ್ಟಾಗಿ ಇರಿಸಿ ಮೊಬೈಲಿನಿಂದಲೇ ಒಂದೊಂದು ಪುಟವನ್ನೂ ಮೇಲಿನಿಂದ ನೇರವಾಗಿ ಚಿತ್ರಿಸಬೇಕು. ಖಾಲಿ ಪುಟವನ್ನೂ ಬಿಡಬಾರದು; ಇಲ್ಲವಾದರೆ ಮುಂದೆ ನೋಡುವವರಿಗೆ ಪುಟ ತಪ್ಪಿತೋ ಎಂಬ ಸಂದೇಹ ಬರುತ್ತದೆ. ಸ್ಕ್ಯಾನರ್ ಇದ್ದವರು ಅಂಗುಲಕ್ಕೆ 300 ಚುಕ್ಕೆಗಳ ಪ್ರಮಾಣವನ್ನು, ಸಣ್ಣ ಅಕ್ಷರಗಳಿದ್ದರೆ 600ನ್ನು ಇರಿಸಿಕೊಳ್ಳಲಿ. ತಾಳೆಗರಿಯಾದರೆ ಎಣ್ಣೆ, ಅರಿಶಿನ, ಒದ್ದೆ ಬಟ್ಟೆ, ಏನನ್ನೂ ತಾವಾಗಿ ಸೋಕಿಸದೆ ತಜ್ಞರನ್ನು ಕೇಳಬೇಕು. ಪಲಿಮಾರು ಮಠದ ಗರಿಗಳ ವೃತ್ತಾಂತವನ್ನು ಇದಕ್ಕಾಗಿಯೇ ವಿಸ್ತರಿಸಿದೆ. ಚಿತ್ರಗಳನ್ನು ಮೂರು ಕಡೆ ಇಡಬೇಕು: ಮನೆಯ ಗಣಕದಲ್ಲೊಂದು, ಬೇರೆ ಊರಿನ ಬಂಧುವಿನ ಹಾರ್ಡ್ ಡಿಸ್ಕಿನಲ್ಲೊಂದು, ಅಂತರಜಾಲದಲ್ಲೊಂದು. ಅಂತರಜಾಲದಲ್ಲಿ ಹಾಕಿದರೆ ಸಾಕೆಂದು ಭಾವಿಸಬಾರದು. 2024ರ ಅಕ್ಟೋಬರಿನಲ್ಲಿ ದುಷ್ಟರ ದಾಳಿಯಿಂದ ಇಂಟರ್‌ನೆಟ್ ಆರ್ಕೈವ್ ಕೆಲವು ದಿನಗಳ ಕಾಲ ಮುಚ್ಚಿಹೋಗಿತ್ತು. ಅದಕ್ಕೂ ಒಂದು ವರ್ಷ ಹಿಂದೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೂ ಇದೇ ಗತಿಯಾಗಿ ಅಲ್ಲಿಯ ಸೂಚೀಪತ್ರವೇ ತಿಂಗಳುಗಟ್ಟಲೆ ದೊರೆಯಲಿಲ್ಲ. ಪೆನ್ ಡ್ರೈವನ್ನು ಶಾಶ್ವತವೆಂದು ನಂಬುವುದೂ ಬೇಡ. ನಾಲ್ಕೈದು ವರ್ಷಗಳಿಗೊಮ್ಮೆ ಹೊಸದಕ್ಕೆ ಪ್ರತಿಮಾಡಬೇಕು. ಚಿತ್ರಿಸಿದ ಮೇಲೆ ಮೂಲವನ್ನು ಎಸೆಯುವ ಯೋಚನೆಯಂತೂ ಸರ್ವಥಾ ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ವಿವರದ ಒಂದು ಹಾಳೆ. ಬರೆದವರ ಹೆಸರು, ತೌರುಮನೆಯ ಊರು, ಅತ್ತೆಮನೆಯ ಊರು, ಸುಮಾರು ಯಾವ ವರ್ಷ ಬರೆದುದು, ಯಾರಿಂದ ಕೇಳಿ ಕಲಿತುದು, ಒಟ್ಟು ಪುಟಗಳು, ಪ್ರತಿಯೊಂದು ಹಾಡಿನ ಮೊದಲ ಪಂಕ್ತಿ ಮತ್ತು ಅಂಕಿತ. ಇಷ್ಟನ್ನು ಕನ್ನಡದಲ್ಲಿ, ಯೂನಿಕೋಡಿನಲ್ಲಿ ಅಚ್ಚಿಸಿ ಚಿತ್ರಗಳ ಜೊತೆಗೇ ಇಡಬೇಕು. ಮೊದಲ ಪಂಕ್ತಿಗಳ ಪಟ್ಟಿಯಿಲ್ಲದೆ ಮುನ್ನೂರು ಚಿತ್ರಗಳಲ್ಲಿ ಒಂದು ಹಾಡನ್ನು ಯಾರೂ ಹುಡುಕಲಾರರು. ಪಟ್ಟಿಯೊಂದಿದ್ದರೆ ಹಂಪಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಅಮೆರಿಕದಲ್ಲಿರುವ ಮೊಮ್ಮಗಳೂ ಹುಡುಕಬಲ್ಲರು. ಹಾಡಿನ ಧಾಟಿಯು ಮಾತ್ರ ಯಾವ ಚಿತ್ರದಲ್ಲಿಯೂ ಬರುವುದಿಲ್ಲ. ಅದನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ವಹಿಯನ್ನು ಅವರ ಕೈಗೆ ಕೊಟ್ಟು, ಒಂದೊಂದು ಹಾಡಿನ ಎರಡೆರಡು ನುಡಿಗಳನ್ನಾದರೂ ಹಾಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಆಯಾ ಪುಟದ ಸಂಖ್ಯೆಯನ್ನೇ ಆ ಕಡತಕ್ಕೂ ಹೆಸರಾಗಿ ಕೊಡಬೇಕು. ಈ ಕಾರ್ಯವನ್ನು ಬೇಸಿಗೆಯ ರಜೆಗೆಂದು ಮುಂದೂಡದೆ ಈ ತಿಂಗಳಲ್ಲಿಯೇ ಆರಂಭಿಸುವುದು ಲೇಸು.

॥ ಶ್ರೀಕೃಷ್ಣಾರ್ಪಣಮಸ್ತು ॥